ಎಪಿಟಮೈಜ್ ಎಂಬ ಪದವೂ ಖಾರಘರದಲ್ಲಿದ್ದ ಹೆಂಡತಿಯೂ

ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಇವತ್ತಾದರೂ ನಾಲ್ಕು ಜನರ ಎದುರು ನನ್ನನ್ನು ನಗೆಪಾಟಲು ಮಾಡಬೇಡಪ್ಪಾ ಎಂದು ಕೈಮುಗಿದೇ ನಾನು ಮನೆಯಿಂದ ಹೊರಡುವುದು. ಉಳಿದ ಕೋರಿಕೆಗಳನ್ನೆಲ್ಲ ದೇವರು ಒಂದಲ್ಲ ಒಂದು ದಿನ ಕೇಳಿದ್ದಾನೆ. ಇದೊಂದನ್ನು ಮಾತ್ರ ಕೇಳಿಯೂ ಕೇಳದವನಂತೆ ಇದ್ದಾನೆ. ಬಹುಶಃ ಅವನಿಗೂ ಸ್ವಲ್ಪ ನಗು ಬೇಕು.

ಮೊದಲು ಮನೆಯ ಸ್ಥಿತಿ ಹೇಳಿಬಿಡುತ್ತೇನೆ. ನಾನಿರುವುದು ಡೊಂಬಿವಲಿಯಲ್ಲಿ. ಹೆಂಡತಿ ಇರುವುದು ಖಾರಘರದಲ್ಲಿ, ಮಗಳ ಮನೆಯಲ್ಲಿ. ಜಗಳವೇನಿಲ್ಲ. ಬಾಣಂತನ ಮುಗಿಸಿ ಮಗಳು ಆಫೀಸಿಗೆ ಹೊರಟಾಗ, ಮಗುವನ್ನು ನೋಡಿಕೊಳ್ಳಲು "ಸ್ವಲ್ಪ ದಿನ" ಎಂದು ಹೋದವಳು. ಆ ಸ್ವಲ್ಪ ದಿನದಲ್ಲಿ ಮಗು ಕೂತಿತು, ನಡೆಯಿತು, ಓಡಿತು. ಈಗ ಶಾಲೆಗೂ ಹೋಗುತ್ತದೆ. ಶಾಲೆ ಬಿಟ್ಟ ಮೇಲೆ ನೋಡಿಕೊಳ್ಳಲು ಅವರ ಬಿಲ್ಡಿಂಗಿನ ಕೆಳಗೇ ಒಂದು ಡೇಕೇರ್ ಉಂಟು. ಹಾಗಾಗಿ ಇವಳು ಮನೆಗೆ ಬರಬಹುದು. ಆದರೆ ತಾನು ಬರುತ್ತೇನೆಂದು ಅವಳು ಹೇಳಲಿ ಎಂದು ನಾನು ಕಾಯುತ್ತೇನೆ. ನಾನು ಕರೆಯಲಿ ಎಂದು ಅವಳು ಕಾಯುತ್ತಾಳೆ. ಪಕ್ಕದ ಕಲ್ಯಾಣ ಊರಿನ ಹೋಟೆಲಿನ ಗಲ್ಲಾದಲ್ಲಿ ಕೂತು ಊರಿಡೀ ಗಿರಾಕಿಗಳನ್ನು "ಬನ್ನಿ ಬನ್ನಿ" ಎಂದು ಕರೆಯುವವನು ನಾನು. ಹೆಂಡತಿಯನ್ನು ಕರೆಯಲು ಮಾತ್ರ ನಾಲಿಗೆ ಏಳುವುದಿಲ್ಲ.

ಉದಾಹರಣೆ ಬದಲಿಸಿ

ಸಂಜೆ ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಫ್ಯಾನಿನ ಸದ್ದೊಂದೇ. ದೇವರ ಗೂಡಿನಲ್ಲಿ ಅವಳು ಹೊಸೆದಿಟ್ಟು ಹೋದ ಬತ್ತಿಗಳಿದ್ದವು. ಅವು ಮುಗಿದುಹೋದಾವೆಂಬ ಭಯಕ್ಕೆ ನಾನು ಅಂಗಡಿಯ ಬತ್ತಿ ತಂದು ಉರಿಸುತ್ತಿದ್ದೆ. ಅವಳ ಬತ್ತಿ ಮುಟ್ಟುತ್ತಿರಲಿಲ್ಲ. ಆ ಹೊತ್ತು ಕಳೆಯಲಿಕ್ಕೆಂದೇ ನಮ್ಮ ಬಿಲ್ಡಿಂಗಿನ ಟೀಚರ್‌ಬಾಯಿ ದೊಡ್ಡವರಿಗಾಗಿ ನಡೆಸುವ ಇಂಗ್ಲಿಷ್ ಕ್ಲಾಸಿಗೆ ಸೇರಿದೆ. ಮರಾಠಿ ಹೆಂಗಸು, ನಿವೃತ್ತ ಶಿಕ್ಷಕಿ, ಮಾತು ಚಾಕುವಿನ ಹಾಗೆ.

ಒಂದು ದಿನ ಬೋರ್ಡಿನ ಮೇಲೆ "ಎಪಿಟಮೈಜ್" ಎಂದು ಬರೆದರು. "ತಾಳ್ಮೆ, ದಯೆ, ಸೋಮಾರಿತನ, ಇವು ಕಣ್ಣಿಗೆ ಕಾಣುತ್ತವೆಯೇ? ಇಲ್ಲ. ಯಾರಲ್ಲಿ ಅವು ಪೂರ್ತಿ ಮೈದಾಳಿ ಕಾಣುತ್ತವೋ, ಆ ವ್ಯಕ್ತಿ ಆ ಗುಣವನ್ನು ಎಪಿಟಮೈಜ್ ಮಾಡುತ್ತಾನೆ ಎನ್ನಬೇಕು. ಸ್ವಲ್ಪ ಇದ್ದರೆ ಸಾಲದು, ಭರ್ತಿ ಇರಬೇಕು" ಎಂದು ಹಿಂದಿಯಲ್ಲಿ ಬಿಡಿಸಿ ಹೇಳಿದರು.

ಊರ ಶಾಲೆಯಲ್ಲಿ ಕಲಿತವನಿಗೂ ಇದು ಥಟ್ಟನೆ ಹೊಳೆಯಿತು. ನಿರಾಕಾರಕ್ಕೆ ಆಕಾರ ಕೊಡುವುದು ನಮಗೇನು ಹೊಸತೇ? ಕೈ ಎತ್ತಿದೆ.

"ನನ್ನ ಹೆಂಡತಿ ತಾಳ್ಮೆಯನ್ನು ಎಪಿಟಮೈಜ್ ಮಾಡುತ್ತಾಳೆ."

"ಶಾಬಾಸ್! ಕಾರಣ?"

"ಮದುವೆಯಾದ ದಿನದಿಂದ ನನ್ನ ಜೊತೆ ಇದ್ದಾಳೆ."

"ಕರೆದುಕೊಂಡು ಬನ್ನಿ ಒಮ್ಮೆ, ನೋಡೋಣ. ಮನೆಯಲ್ಲಿದ್ದಾರಾ?"

"ಇಲ್ಲ, ಖಾರಘರದಲ್ಲಿದ್ದಾಳೆ."

"ಯಾವಾಗಿನಿಂದ?"

"ಮೊಮ್ಮಗಳು ತೊಟ್ಟಿಲಲ್ಲಿದ್ದಾಗಿನಿಂದ. ಈಗ ಅದು ಶಾಲೆಗೆ ಹೋಗುತ್ತದೆ."

ಟೀಚರ್‌ಬಾಯಿ ಡಸ್ಟರ್ ಕೈಗೆತ್ತಿಕೊಂಡರು. "ಕಾಕಾ, ಉದಾಹರಣೆ ಬದಲಿಸಿ. ಅವರ ತಾಳ್ಮೆ ಮುಗಿದ ಹಾಗಿದೆ."

ಬೋರ್ಡಿಗೊಂದು ಸಾಲು

ನಾನು ಇಂಗ್ಲಿಷ್ ಕಲಿಯುವ ಸುದ್ದಿ ನಮ್ಮ ಹೋಟೆಲಿನ ಧಣಿಗಳ ಕಿವಿಗೆ ಬಿತ್ತು. ಘೋಡಬಂದರ್ ರಸ್ತೆಯಲ್ಲಿ ಹೊಸ ಶಾಖೆ ತೆರೆಯುವ ಗಡಿಬಿಡಿಯಲ್ಲಿದ್ದರು. "ಬೋರ್ಡಿನಲ್ಲಿ ಹಾಕ್ಲಿಕ್ಕೆ ಗಮ್ಮತ್ತಿನ ಒಂದು ಇಂಗ್ಲಿಷ್ ಸಾಲು ಹೇಳು ಮಾರಾಯ. ಅಲ್ಲೆಲ್ಲ ದೊಡ್ಡ ಟವರಿನ ಜನ" ಎಂದರು.

ನಾನು ಯೋಚಿಸಿ, "ನಮ್ಮ ಹೋಟೆಲು ಶುಚಿತ್ವವನ್ನು ಎಪಿಟಮೈಜ್ ಮಾಡುತ್ತದೆ" ಎಂದೆ.

"ಕೇಳ್ಲಿಕ್ಕೆ ಚಂದ ಉಂಟು. ಹಾಗಂದ್ರೆ ಎಂತ?"

"ಶುಚಿತ್ವ ಅಂದರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ, ಬೇರೆ ಮಾತೇ ಬೇಡ, ನಮ್ಮ ಹೋಟೆಲನ್ನು ತೋರಿಸಿದರೆ ಸಾಕು ಎಂದು."

ಧಣಿಗಳು ಒಮ್ಮೆ ಅಡುಗೆಕೋಣೆಯ ಬಾಗಿಲ ಕಡೆ ನೋಡಿದರು.

"ಒಳಗೂ ತೋರಿಸ್ಬೇಕಾ?"

"ಪೂರ್ತಿ ಇರಬೇಕು ಎಂದು ಟೀಚರ್‌ಬಾಯಿ ಹೇಳಿದ್ದಾರೆ."

"ಹಾಗಾದ್ರೆ ಬೇಡ. ಪಾರ್ಕಿಂಗ್ ಉಂಟು ಅಂತ ಬರೆಸು."

ತೆಂಗಿನೆಣ್ಣೆ

ಒಂದು ಭಾನುವಾರ ಗಟ್ಟಿ ಮನಸ್ಸು ಮಾಡಿದೆ. ಇವತ್ತು ಕರೆದೇ ಕರೆಯುವುದು. ಡೊಂಬಿವಲಿಯಿಂದ ರೈಲಿನಲ್ಲಿ ಠಾಣೆ ಊರಿಗೆ, ಅಲ್ಲಿ ಗಾಡಿ ಬದಲಿಸಿ ಖಾರಘರ. ಸ್ಟೇಷನ್ನಿನ ಹೊರಗೆ ಒಂದು ಮೊಳ ಮಲ್ಲಿಗೆ ಕೊಂಡೆ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿದೆ. ಅವಳಿಲ್ಲದ ಮನೆ ಹೇಗಿದೆ ಎಂದು ಹೇಳಬೇಕು. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಚಹಾ ಮಾಡಿ, ಎರಡನ್ನೂ ನಾನೇ ಕುಡಿಯುವುದನ್ನು ಹೇಳಬೇಕು.

ಬಾಗಿಲು ತೆರೆದವಳು ಅವಳೇ. ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಹೋ, ಇವ್ರು! ಫೋನೂ ಮಾಡ್ದೆ! ಎಂತ ವಿಷಯ?" ಎಂದಳು.

ಮೊಮ್ಮಗಳು ಬಂದು ಅಜ್ಜಿಯ ಸೀರೆ ಹಿಡಿದು ನನ್ನನ್ನು ಪೊಲೀಸಿನವರ ಹಾಗೆ ನೋಡಿತು. "ಆಪ್ ಅಜ್ಜಿ ಕೋ ಲೇ ಜಾನೇ ಆಯೇ ಹೋ ಕ್ಯಾ?"

ಅಜ್ಜಿಯನ್ನು ಕರೆದೊಯ್ಯಲಿಕ್ಕೆ ಬಂದಿರಾ ಎಂದು ಮಗುವೇ ಬಾಯಿಬಿಟ್ಟು ಕೇಳಿದರೆ ಏನು ಹೇಳುವುದು? ಹಿಂದಿನಿಂದ ಮಗಳು, ಅಳಿಯ, ಎಲ್ಲರ ಕಣ್ಣೂ ನನ್ನ ಮೇಲೆ. ಜೋಡಿಸಿದ ಮಾತೆಲ್ಲ ಠಾಣೆ ಸ್ಟೇಷನ್ನಿಗೆ ವಾಪಸು ಹೋಯಿತು.

"ಇಲ್ಲ ಇಲ್ಲ... ತೆಂಗಿನೆಣ್ಣೆ ಡಬ್ಬ ಎಲ್ಲಿಟ್ಟಿದ್ದಿ ಅಂತ ಕೇಳ್ಲಿಕ್ಕೆ ಬಂದೆ."

ಅವಳು ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಮಲ್ಲಿಗೆ ನೋಡಿದಳು.

"ಅಡುಗೆಮನೆಯಲ್ಲಿ, ಮೇಲಿನ ಹಲಗೆಯಲ್ಲಿ. ಇದನ್ನು ಕೇಳ್ಲಿಕ್ಕೆ ಎರಡು ಗಾಡಿ ಹತ್ತಿ ಬಂದ್ರಾ? ಮತ್ತೆ ಆ ಮಲ್ಲಿಗೆ ಯಾರಿಗೆ, ಡಬ್ಬಕ್ಕಾ?"

ಸೊಂಟದ ಅಡಿಕೆ

ಶ್ರಾವಣದ ಒಂದು ಭಾನುವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆ. ಪೂಜೆಗೆ ಹೆಂಡತಿ ಪಕ್ಕದಲ್ಲಿ ಕೂರಲೇಬೇಕು, ಆದ್ದರಿಂದ ಅವಳು ಬರಲೇಬೇಕು. ಕರೆಯುವ ಕೆಲಸ ದೇವರ ತಲೆಗೆ ಕಟ್ಟಿದೆ ಎಂದು ಒಳಗೊಳಗೇ ಖುಷಿ. ಆ ಭಾನುವಾರವೇ ಹಳಿ ರಿಪೇರಿಗೆಂದು ರೈಲ್ವೆಯ ಮೆಗಾಬ್ಲಾಕ್. ಠಾಣೆಯ ಕಡೆಗೆ ಗಾಡಿಯಿಲ್ಲ, ಮೇಲಿಂದ ಮಗುವಿಗೆ ಜ್ವರ. ಅವಳ ಬದಲು ಅವಳ ವಿಡಿಯೋ ಕಾಲ್ ಬಂತು. ಫೋನನ್ನು ಕಲಶದ ಎದುರು ತಂಬಿಗೆಗೆ ಒರಗಿಸಿಟ್ಟೆವು.

ಪೂಜೆಗೆ ಬಂದ ಮರಾಠಿ ಗುರೂಜಿ ನನ್ನ ಪಕ್ಕದ ಖಾಲಿ ಮಣೆ ನೋಡಿ, "ಚಿಂತೆ ಇಲ್ಲ ಕಾಕಾ. ಕಮರೇಲಾ ಸುಪಾರಿ ಲಾವಾ" ಎಂದರು. ಹೆಂಡತಿ ಇಲ್ಲದವನು ಒಂದು ಇಡಿ ಅಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂರುವುದು ಈ ಕಡೆಯ ಪದ್ಧತಿ. ಅಡಿಕೆಯೇ ಹೆಂಡತಿ.

ನಾನು ಪೂಜೆಗೆ ಬಂದಿದ್ದ ಟೀಚರ್‌ಬಾಯಿಯ ಕಡೆ ತಿರುಗಿ, "ಇದು ಅವಳನ್ನು ಎಪಿಟಮೈಜ್ ಮಾಡುತ್ತದೆ ಅಲ್ಲವೇ?" ಎಂದೆ.

"ಇಲ್ಲ. ಅಡಿಕೆ ಬರೀ ಅವರ ಜಾಗದಲ್ಲಿ ಕೂತಿದೆ. ಎಪಿಟಮೈಜ್ ಮಾಡಲು ಗುಣ ಬೇಕು, ಗುಣಕ್ಕೆ ಮನುಷ್ಯರು ಬೇಕು."

ಫೋನಿನೊಳಗಿಂದ ಹೆಂಡತಿ ಕೇಳಿದಳು: "ಅಡಿಕೆ ಮಾತಾಡ್ತದಾ?"

"ಇಲ್ಲ."

"ಹಾಗಾದ್ರೆ ನಿಮಗೆ ಆರಾಮ."

ಕಥೆ, ಆರತಿ ಎಲ್ಲ ಸಾಂಗವಾಗಿ ಮುಗಿಯಿತು. ಸೊಂಟದಲ್ಲಿ ಆ ಅಡಿಕೆ ಒತ್ತುತ್ತಿದ್ದಾಗ, ಹೇಳಲಿಕ್ಕೆ ನಾಚಿಕೆ, ಅವಳು ಪಕ್ಕದಲ್ಲಿ ಕೂತು ಮೊಣಕೈಯಲ್ಲಿ ತಿವಿದಂತೆಯೇ ಅನಿಸುತ್ತಿತ್ತು. ಬೇರೊಂದು ಮನೆಯಲ್ಲೂ ಪೂಜೆ ಇದ್ದುದರಿಂದ ಗುರೂಜಿ, "ವಿಸರ್ಜನೆಗೆ ಬರುತ್ತೇನೆ, ನೀವು ಊಟ ಮಾಡಿ" ಎಂದು ಹೊರಟರು. ಬೆಳಗಿನ ಉಪವಾಸ ಬೇರೆ. ನೆರೆಯವರು ಬಡಿಸಿದರು, ಹೊಟ್ಟೆ ತುಂಬ ಉಂಡೆ, ಗೋಡೆಗೆ ಒರಗಿ ಕೂತೆ.

ಗುರೂಜಿ ತಿರುಗಿ ಬಂದು ಕೈ ನೀಡಿದರು. "ಸುಪಾರಿ ಕೊಡಿ."

ಸೊಂಟ ಮುಟ್ಟಿ ನೋಡಿದೆ. ಇಲ್ಲ. ಮಣೆ ಎತ್ತಿದರು, ಚಾಪೆ ಕೊಡವಿದರು. ಟೀಚರ್‌ಬಾಯಿ ಸೋಫಾದ ಕೆಳಗೆ ಬಗ್ಗಿದರು. "ಕಾಕೀ ಕುಠೇ ಗೇಲ್ಯಾ?" ಕಾಕಿ, ಅಂದರೆ ನನ್ನ ಹೆಂಡತಿ, ಎಲ್ಲಿ ಹೋದರು ಎಂದು ಮನೆಯಿಡೀ ಹುಡುಕಾಟ.

"ಇವ್ರೇ," ಫೋನಿನಿಂದ ಹೆಂಡತಿಯ ಸ್ವರ ಬಂತು. "ಆಗಿಂದ ನೋಡ್ತಾ ಇದ್ದೇನೆ. ಬಾಯಲ್ಲಿ ಎಂತ?"

ನನ್ನ ದವಡೆ ನಿಂತಿತು. ಎದುರಿಗೆ ಎಲೆತಟ್ಟೆ, ತಟ್ಟೆಯಲ್ಲಿ ಅಡಕತ್ತರಿ. ಊಟವಾದ ಕೂಡಲೇ ಸೊಂಟದ ಅಡಿಕೆಗೆ ಕೈ ಹೋಗುವುದು ನಮ್ಮ ಊರಿನ ಗಂಡಸರ ಹುಟ್ಟುಗುಣ. ಉಗುಳುವಂತಿಲ್ಲ, ಅವಳು. ನುಂಗುವಂತಿಲ್ಲ, ಆಗಲೂ ಅವಳೇ. ಗುರೂಜಿ, "ಇದಕ್ಕೆ ಯಾವ ಪ್ರಾಯಶ್ಚಿತ್ತವೂ ನನಗೆ ಗೊತ್ತಿಲ್ಲ" ಎಂದು ಹೆಗಲ ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಗತೊಡಗಿದರು.

"ಹೇಗಿದ್ದೇನೆ?" ಅವಳು ಕೇಳಿದಳು.

"ಸ್ವಲ್ಪ ಒಗರು."

ಅಲ್ಲಿ ನಗು, ಇಲ್ಲಿ ನಗು. ಅವಳೂ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆ ನಗು ನೋಡಿ ನನಗೆ ಎಂಥದೋ ಆಯಿತು. ಕಣ್ಣು ಮಂಜಾಯಿತು. ಸುತ್ತ ಇಷ್ಟು ಜನ ಇದ್ದಾರೆಂಬುದೂ ಮರೆತು, ಬಾಯಿ ತುಂಬ ಅಡಿಕೆ ಇಟ್ಟುಕೊಂಡೇ ಹೇಳಿಬಿಟ್ಟೆ:

"ಮಾರಾಯ್ತಿ, ನೀನು ಮನೆಗೆ ಬಾ."

ಅವಳು ಬಾಯಿಗಿಟ್ಟಿದ್ದ ಸೆರಗು ತೆಗೆದಳು.

"ಇದ್ದವಳನ್ನು ಜಗಿದು ಮುಗಿಸಿ, ಈಗ ಬಾ ಅಂತೀರಾ?" ಎಂದಳು. ಆಮೇಲೆ ಮೆಲ್ಲಗೆ, "ಮಗುವಿನ ಜ್ವರ ಬಿಡ್ಲಿ, ಬರ್ತೇನೆ. ಆ ಅಡಕತ್ತರಿಯನ್ನು ಮಾತ್ರ ನಾನು ಬರುವ ಮುಂಚೆ ಟೀಚರ್‌ಬಾಯಿ ಹತ್ರ ಕೊಟ್ಟುಬಿಡಿ."