‘ಸಾಕಷ್ಟು ಬಿಗಿ ಮಾಡಿ’ ಎಂದ ಸೈಕಲ್ ಕಂಪನಿಗೆ

ಸೈಕಲ್ ಕಂಪನಿಯ ಸೂಚನಾ ವಿಭಾಗದ ಘನ ಮುಖ್ಯಸ್ಥರಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿ, ನಮ್ಮ ಮನೆಯಲ್ಲಿ ಕ್ಷೇಮ ಎಷ್ಟು ಉಳಿದಿದೆಯೆಂದು ತಿಳಿಸಲು ಈ ಪತ್ರ. ನಾನು ಬೀದಿ ಮೂಲೆಯ ದರ್ಜಿ. ನನ್ನಾಕೆ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ದಾದಿ. ಕರೆ ಬಂದರೆ ಊಟದ ತಟ್ಟೆ ಬಿಟ್ಟು ಸೈಕಲ್ ಹತ್ತುವವಳು. ಹಳೆಯ ಸೈಕಲ್ ಕೈಕೊಟ್ಟಿದ್ದರಿಂದ ತಮ್ಮ ಕಂಪನಿಯ ಹೊಸದನ್ನು ತರಿಸಿದೆವು. ಪೆಟ್ಟಿಗೆಯಲ್ಲಿ ಸೈಕಲ್ಲಿನ ಬಹುಪಾಲು, ಬೋಲ್ಟು ತಿರುಗಿಸಲು ಒಂದು ಪುಟ್ಟ ಅಲೆನ್ ಕೀ ಹಾಗೂ ತಮ್ಮ ಅಮರ ಕೃತಿಯಾದ ಸೂಚನಾ ಹಾಳೆ ಇದ್ದವು.

ಹ್ಯಾಂಡಲನ್ನು ಕಚ್ಚಿ ಹಿಡಿಯುವ ನಾಲ್ಕು ಬೋಲ್ಟುಗಳ ಬಗ್ಗೆ ತಾವು ಬರೆದದ್ದು ಇಷ್ಟೇ: ‘ಸಾಕಷ್ಟು ಬಿಗಿ ಮಾಡಿ, ಅತಿಯಾಗಿ ಬಿಗಿ ಮಾಡಬೇಡಿ.’ ಆಹಾ! ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕಡಿಮೆ ಹೇಳುವುದು ಎಲ್ಲರಿಗೂ ಒಲಿಯುವ ವಿದ್ಯೆಯಲ್ಲ. ಗಿರಾಕಿಯೊಬ್ಬರು ‘ಸೊಂಟ ಸಾಕಷ್ಟು ಬಿಗಿ ಇರಲಿ’ ಎಂದರೆ ನಾನು ಟೇಪು ತೆಗೆಯುತ್ತೇನೆ. ನನಗೆಲ್ಲಿ ಬರಬೇಕು ತಮ್ಮ ಪಾಂಡಿತ್ಯ!

ನನ್ನಾಕೆಯ ತಂದೆ ಜೀವಮಾನವಿಡೀ ನಲ್ಲಿ, ಪೈಪು ಜೋಡಿಸಿದವರು. ಬೀದಿಗೆಲ್ಲ ‘ಗಟ್ಟಿ ಮಾವ’. ಅವರು ಮುಚ್ಚಿದ ನಲ್ಲಿ ಸೋರಿದ್ದಿಲ್ಲ, ಮತ್ತೆ ತೆರೆದದ್ದೂ ಅಪರೂಪ. ನಾನು ಬೋಲ್ಟು ತಿರುಗಿಸಿ ಕೈಗೆ ತಡೆ ಸಿಕ್ಕಲ್ಲಿ ನಿಲ್ಲಿಸಿದ್ದೆ. ಮಾವ ಆ ಸೂಚನಾ ಹಾಳೆಯನ್ನು ಭಕ್ತಿಯಿಂದ ಓದಿ, ‘ಸಾಕಷ್ಟು ಅಂದ್ರೆ ಎಷ್ಟು ಅಳಿಯಂದ್ರೇ? ನಿಮ್ದು ಸೂಜಿ ಹಿಡಿಯೋ ಕೈ. ಮಗಳು ಹತ್ತೋ ಗಾಡಿ ಇದು’ ಎನ್ನುತ್ತ, ಆ ಕೀಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಉಸಿರು ಬಿಗಿಹಿಡಿದು ತಿರುಗಿಸಿದರು. ಪ್ರೀತಿಯಿಂದಲೇ ತಿರುಗಿಸಿದರು, ಮಾನ್ಯರೇ; ಅನಾಹುತದ ಮೂಲ ಅದೇ. ‘ಟಕ್’ ಎಂದಿತು. ಆಮೇಲೆ ಬೋಲ್ಟು ಬೆಣ್ಣೆಯಲ್ಲಿ ಬೆರಳಾಡಿದಂತೆ ತಿರುಗಿತು. ‘ಹಾಂ, ಕೂತ್ಕೊಂತು’ ಎಂದರು ಮಾವ. ಒಳಗೆ ಬೋಲ್ಟು ಕಚ್ಚಿಕೊಳ್ಳುವ ಥ್ರೆಡ್ ಕಿತ್ತುಹೋಗಿದೆಯೆಂದು ತಮ್ಮ ಹಾಳೆ ಓದಿದ ನಮಗಿಬ್ಬರಿಗೂ ತಿಳಿಯಲಿಲ್ಲ. ಉಳಿದ ಬೋಲ್ಟುಗಳಿಗೂ ಅದೇ ಪ್ರೀತಿ ಸಂದಿತು.

ಮರುದಿನ ಬೆಳಿಗ್ಗೆ ಹೆರಿಗೆ ನೋವಿನ ಕರೆ ಬಂತು. ಇಳಿಜಾರಿನಲ್ಲಿ ಹಾಲಿನ ಗಾಡಿ ಅಡ್ಡ ಬಂದಾಗ ನನ್ನಾಕೆ ಬ್ರೇಕ್ ಒತ್ತಿದಳು. ಸೈಕಲ್ ನಿಂತಿತು; ಹ್ಯಾಂಡಲ್ ಮಾತ್ರ ತಮಗೇ ತಲೆಬಾಗುವಂತೆ ಮುಂದಕ್ಕೆ ಮಗುಚಿತು, ಅದರ ಹಿಂದೆ ಅವಳೂ. ಬಲಗೈ ಮಣಿಕಟ್ಟು ಮುರಿಯಿತು. ಆದರೂ ಅದೇ ಹಾಲಿನ ಗಾಡಿ ಹತ್ತಿ ಹೋಗಿ, ಮುರಿದ ಕೈಯನ್ನು ಬಟ್ಟೆಯಿಂದ ಕೊರಳಿಗೆ ಕಟ್ಟಿಕೊಂಡು, ಬಸುರಿಯ ಅತ್ತೆಯನ್ನು ಮುಂದೆ ಕೂರಿಸಿ ‘ಹೆದರ್ಬೇಡಿ ಅಮ್ಮ, ನಾನು ಹೇಳಿದಷ್ಟೇ ಹಿಡೀರಿ, ಎಳೀಬೇಡಿ’ ಎನ್ನುತ್ತ ಆ ಅತ್ತೆಯ ಕೈಯಿಂದಲೇ ಹೆರಿಗೆ ಮಾಡಿಸಿದಳು. ತಾಯಿ, ಮಗು ಇಬ್ಬರೂ ಸುಖ. ಎಷ್ಟು ಬಲ ಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು, ಎಂದೂ ಆ ಕೆಲಸ ಮಾಡದ ಹೆಂಗಸಿಗೆ, ಹಲ್ಲು ಕಚ್ಚಿಕೊಂಡು, ಬರೀ ಬಾಯಿಮಾತಿನಲ್ಲಿ ತಿಳಿಸಿದಳು. ತಿಳಿಸಬಹುದಂತೆ, ಮಾನ್ಯರೇ, ಮನಸ್ಸಿದ್ದರೆ ತಿಳಿಸಬಹುದಂತೆ.

ಮಾವ ಮಗಳ ಪ್ಲಾಸ್ಟರು ನೋಡಲಾರದೆ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದರು. ನಾನು ತಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಜೇನಿನಂಥ ದನಿಯೊಂದು ‘ಸಾಕಷ್ಟು ಬಿಗಿ ಮಾಡಿರ್ಲಿಲ್ವಾ ಸರ್?’ ಎಂದಿತು. ಮಾಡಿದ್ದೆವು ಎಂದೆ. ‘ಹಾಗಾದ್ರೆ ಅತಿಯಾಗಿ ಮಾಡಿದ್ದೀರಿ ಸರ್.’ ಅತ್ತ ದರಿ, ಇತ್ತ ಪುಲಿ. ನಡುವೆ ತಮ್ಮ ಕಂಪನಿ ಮಾತ್ರ ಸುಭದ್ರ.

ಕೊನೆಗೆ ಹ್ಯಾಂಡಲ್ ಕಳಚಿದಾಗ ನನ್ನಾಕೆಯ ಕಣ್ಣಿಗೆ ಬಿತ್ತು: ಅದನ್ನು ಹಿಡಿಯುವ ಲೋಹದ ತುಂಡಿನ ತಳದಲ್ಲಿ, ಇರುವೆಯೂ ಕನ್ನಡಕ ಹಾಕಿ ಓದಬೇಕಾದ ಅಕ್ಷರದಲ್ಲಿ, ‘೫ ನ್ಯೂಟನ್ ಮೀಟರ್’ ಎಂದು ಬಿಗಿಯ ಅಳತೆಯನ್ನೇ ಕೊರೆದಿತ್ತು! ತಮಗೆ ಗೊತ್ತಿತ್ತು. ಗೊತ್ತಿದ್ದೂ ಬಚ್ಚಿಟ್ಟ ವಿನಯಕ್ಕೆ ಏನೆನ್ನಲಿ?

ಹೊಸ ತುಂಡು ತಂದೆವು. ನಿಗದಿಯಾದ ಬಲ ಬಿದ್ದೊಡನೆ ‘ಕಟ್’ ಎನ್ನುವ ಅಳತೆಯ ಸ್ಪ್ಯಾನರನ್ನು ರಿಪೇರಿ ಅಂಗಡಿಯಿಂದ ಎರವಲು ಪಡೆದೆವು. ಮಾವ ಮುಟ್ಟಲೊಲ್ಲೆನೆಂದರು. ಮಗಳೇ ಎಡಗೈಯಿಂದ ಅದನ್ನು ಅವರ ಕೈಗಿಟ್ಟು, ‘ಒಂದನ್ನೇ ಪೂರ್ತಿ ಬೇಡಪ್ಪ. ಇದು ಸ್ವಲ್ಪ, ಆಮೇಲೆ ಓರೆಗೆ ಎದುರಿರೋ ಅದು ಸ್ವಲ್ಪ. ಕಟ್ ಅಂದ್ರೆ ಬಿಟ್ಬಿಡು’ ಎಂದಳು. ಕಟ್ ಎಂದಿತು. ಮಾವ ಬಿಟ್ಟರು. ‘ಇಷ್ಟೇನಾ ಮಗಳೇ?’ ಎಂದವರು ಮುಂದಿನ ಬೋಲ್ಟಿಗೆ ತಾವೇ ಸ್ಪ್ಯಾನರು ಹಾಕಿದರು.

ಆದ್ದರಿಂದ ಸವಿನಯ ಬೇಡಿಕೆ: ಆ ಅಂಕಿಯನ್ನು ಹಾಳೆಯ ಮೇಲೇ ಅಚ್ಚು ಹಾಕಿಸಿ. ಅದು ತಮ್ಮ ಘನತೆಗೆ ಕುಂದಾದರೆ, ಪ್ರತಿ ಪೆಟ್ಟಿಗೆಯಲ್ಲೂ ತಾವೇ ಮಡಿಸಿಕೊಂಡು ಬಂದು, ಬೋಲ್ಟು ತಿರುಗಿಸುವವರ ಕಿವಿಯಲ್ಲಿ ‘ಸಾಕು’ ಎನ್ನಿ. ಅದೂ ಆಗದಿದ್ದರೆ, ಅಪ್ಪಂದಿರ ಪ್ರೀತಿಯನ್ನು ಐದು ನ್ಯೂಟನ್ ಮೀಟರಿಗೆ ಇಳಿಸುವ ಔಷಧಿಯನ್ನಾದರೂ ಸೈಕಲ್ ಜೊತೆ ಕಳಿಸಿಕೊಡಿ.

ತಮ್ಮ ವಿಶ್ವಾಸಿ
(ವಿಶ್ವಾಸ ಸಾಕಷ್ಟಿದೆ, ಅತಿಯಾಗಿಲ್ಲ),
ಬೀದಿ ಮೂಲೆಯ ದರ್ಜಿ

ತಾ.ಕ.: ಇದನ್ನೋದಿ ನಗುತ್ತ ಕುರ್ಚಿಯಲ್ಲಿ ಹಿಂದಕ್ಕೆ ಒರಗುವ ಮುನ್ನ, ಅದರ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಿದ್ದಾರೆಂದು ಜೋಡಿಸಿದವರನ್ನು ಒಮ್ಮೆ ಕೇಳಿ. ‘ಸಾಕಷ್ಟು’ ಎಂದರೆ, ದಯವಿಟ್ಟು ನೆಲದ ಮೇಲೆ ಕುಳಿತುಕೊಳ್ಳಿ.