ಸನಾದಿ ಅಜ್ಜನ ಉಸಿರು

ದಮ್ಮಿನ ಔಷಧಿ ಬರೆಯುವ ಡಾಕ್ಟರಿಗೆ ನಗುವ ಪ್ರಸಂಗ ಎಲ್ಲಿಂದ ಬರಬೇಕು ಎನ್ನುವವರು ರೋಣದ ನನ್ನ ದವಾಖಾನೆಯಲ್ಲಿ ಒಂದು ದಿನ ಕೂತು ನೋಡಬೇಕು. ಬಾಯಿಗಿಟ್ಟು ಎಳೆಯುವ ಇನ್‌ಹೇಲರ್ ಕೈಗೆ ಕೊಟ್ಟೆನೋ, ಏನಾದರೊಂದು ಆಗಿಯೇ ತೀರುತ್ತದೆ. ಆದರೆ ನಗುತ್ತ ನಗುತ್ತಲೇ ನಾನು ಬೆರಗಾಗಿ ಕೂತದ್ದು ಸವಡಿಯ ಒಬ್ಬ ಅಜ್ಜನ ಮುಂದೆ ಮಾತ್ರ.

ಚಷ್ಮಾದ ಮೇಲಿನ ಪುಡಿ

ಅಜ್ಜ ಮದುವೆಗಳಲ್ಲಿ ಸನಾದಿ ಊದುವವರು. ಮದುವೆ ಇಲ್ಲದ ದಿನ ಇಟ್ಟಂಗಿ ಭಟ್ಟಿಯ ಕೆಲಸ. ಆ ಹೊಗೆ ಕುಡಿದು ಕುಡಿದು ಪುಪ್ಪಸ ಹಾಳಾಗಿತ್ತು.

"ಗಜೇಂದ್ರಗಡದಾಗ ಮೊಮ್ಮಗಳ ಲಗ್ನ ಐತ್ರಿ. ತಾಳಿ ಕಟ್ಟೂವಾಗ, ಅಕ್ಕಿಕಾಳ ಹೊತ್ತಿಗೆ ನಾನ ಊದಬೇಕು. ಬ್ಯಾರೇದವ್ರು ಊದಿದ್ರ ನಾ ಇದ್ದೂ ಏನ್ ಬಂತ್ರಿ?" ಎಂದರು. ಅಷ್ಟು ಹೇಳುವುದರೊಳಗೇ ಎರಡು ಸಲ ನಿಂತು ಉಸಿರು ತೆಗೆದುಕೊಂಡರು.

ದಿನಾ ತಪ್ಪದೆ ಎಳೆದುಕೊಳ್ಳಬೇಕಾದ, ನಿಧಾನವಾಗಿ ಇಡೀ ದಿನ ಕೆಲಸ ಮಾಡುವ ಔಷಧಿ ಬರೆದೆ. ಪುಡಿ ತುಂಬಿದ ಗುಳಿಗೆಯನ್ನು ಇನ್‌ಹೇಲರ್‌ನಲ್ಲಿ ಹಾಕಿಕೊಟ್ಟು, "ಜೋರಾಗಿ ಒಳಗ ಎಳೀರಿ" ಎಂದೆ. ಅಜ್ಜ ಕಣ್ಣು ಮುಚ್ಚಿ, ಕೆನ್ನೆ ಉಬ್ಬಿಸಿ, ಊದಿದರು. ಪುಡಿಯೆಲ್ಲ ನನ್ನ ಚಷ್ಮಾದ ಮೇಲೆ. ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ ಊದಿದರು.

"ಏನ್ ಮಾಡ್ಲಿರಿ ಸಾಹೇಬ್ರ, ಕೊಳವಿ ತುಟಿಗೆ ತಾಗಿದ್ರ ಬಾಯಿ ತಾನ ಊದ್ತೈತಿ. ಎಳಿಯೂದೇನಿದ್ರೂ ಮೂಗಿನ ಕೆಲಸ."

ಸ್ವರ ಕಡಿಯದಂತೆ ಕೆನ್ನೆಯ ಗಾಳಿ ಊದುತ್ತಲೇ ಮೂಗಿನಿಂದ ಉಸಿರು ತುಂಬಿಕೊಳ್ಳುವ ವಿದ್ಯೆ ಅದು. ನನಗೆ ಬೇರೆ ದಾರಿ ಕಾಣಲಿಲ್ಲ. ಎದ್ದುಹೋಗಿ ಅವರ ಮೂಗನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, "ಈಗ ಎಳೀರಿ!" ಎಂದೆ. ಎಳೆದೇಬಿಟ್ಟರು! ಅದೇ ಹೊತ್ತಿಗೆ ಹೊರಗಿದ್ದ ಅವರ ಹೆಂಡತಿ ಪರದೆ ಸರಿಸಿ ಒಳಗೆ ಬಂದರು.

"ಅಯ್ಯ ಡಾಕ್ಟ್ರ, ಮೂಗ್ ಬಿಡ್ರಿ! ಏನ್ ತಪ್ಪ್ ಮಾಡಿದ್ರೂ ಮನ್ಯಾಗ ನಾ ಬುದ್ಧಿ ಹೇಳ್ತೀನಿ."

ಎಲೆ ಅಡಿಕೆಯ ಜೊತೆಗೆ

ತಿಂಗಳಿಗೆಂದು ಕೊಟ್ಟ ಗುಳಿಗೆ ವಾರದಲ್ಲೇ ಖಾಲಿ ಎಂದು ಅಜ್ಜ ತಿರುಗಿ ಬಂದರು. ಹೆದರಿಬಿಟ್ಟೆ. "ಎಷ್ಟ್ ಎಳಕೊಂಡ್ರಿ ಅಜ್ಜಾರ?"

"ದಿನಕ್ಕ ಒಂದ ರೀ. ಉಳದದ್ದು ಮೇಳದವ್ರಿಗೆ ಕೊಟ್ಟೆ."

ಬಾರಿಸಲು ಶುರುಮಾಡುವ ಮೊದಲು ವಾಜಂತ್ರಿ ಮೇಳದ ಹಿರಿಯ ಎಲ್ಲರಿಗೂ ಎಲೆ ಅಡಿಕೆ ಹಂಚಬೇಕಂತೆ. ಮೇಳದವರ ಎದುರು ತಾನೊಬ್ಬನೇ ಏನನ್ನೂ ಬಾಯಿಗೆ ಇಟ್ಟುಕೊಳ್ಳುವಂತಿಲ್ಲವಂತೆ. ಹಾಗಾಗಿ ಇನ್‌ಹೇಲರ್ ಕೂಡ ಕೈಯಿಂದ ಕೈಗೆ ಸುತ್ತು ಹೊಡೆದಿತ್ತು.

ನನಗೆ ಸಿಟ್ಟು ಬಂತು. "ಹಂಚಿ ತಿನ್ನಾಕ ಇದು ಫರಾಳ ಅಲ್ಲ, ಔಷಧಿ! ನಿಮಗೊಬ್ಬರಿಗೇ. ಮನ್ಯಾಗ ಎಳಕೊಂಡು, ಬಾಯಿ ಮುಕ್ಕಳಿಸಿ, ಆಮ್ಯಾಲೆ ಮೇಳಕ್ಕ ಹೋಗ್ರಿ."

ಅಜ್ಜ ತಲೆ ತಗ್ಗಿಸಿ ಒಪ್ಪಿದರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಆದ್ರ ಖರೇ ಹೇಳ್ತೀನ್ರಿ, ಸಂಬಾಳ ಬಾರಿಸಾಂವ ಮೊದ್ಲಿಗಿಂತ ಭಾಳ ಚಲೋ ಬಾರಿಸಾಕತ್ತಾನ" ಎಂದರು.

ಅಕ್ಕಿಕಾಳ ಹೊತ್ತು

ಮದುವೆಗೆ ನನ್ನನ್ನೂ ಕರೆದಿದ್ದರು. ಹೆದರಿಕೆಯಿಂದಲೇ ಹೋದೆ. ಔಷಧಿ ಬಿಗಿದುಕೊಂಡ ಉಸಿರಿನ ದಾರಿಯನ್ನು ಸಡಿಲಿಸುತ್ತದೆಯೇ ಹೊರತು ಹಾಳಾದ ಪುಪ್ಪಸವನ್ನು ಹೊಸದು ಮಾಡುವುದಿಲ್ಲ. ಅಜ್ಜನ ಹೆಂಡತಿ ನನ್ನ ಪಕ್ಕದಲ್ಲೇ ಕೂತರು.

ಅಕ್ಕಿಕಾಳು ಬಿದ್ದವು. ತಾಳಿಯ ಗಂಟು ಬೀಳುವ ತನಕ ಸನಾದಿ ನಿಲ್ಲುವಂತಿಲ್ಲ. ವರ ಹಾಕಿದ ಗಂಟು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಅವನ ಅಕ್ಕ ಒಂದು ಉಪಾಯ ಹೇಳಿದಳು, ಭಟ್ಟರು ಇನ್ನೊಂದು. ಅಜ್ಜ ಮಾತ್ರ ಕಣ್ಣು ಮುಚ್ಚಿ ಊದುತ್ತಲೇ ಇದ್ದರು. ಸ್ವರ ಒಂದು ಕಡೆಯೂ ಕಡಿಯಲಿಲ್ಲ, ನಡುಗಲಿಲ್ಲ. ಆ ಎದೆಯ ಎಕ್ಸ್-ರೇ ನೋಡಿದವನು ನಾನು. ಅದರೊಳಗಿಂದ ಇಂಥ ನಾದ ಹೇಗೆ ಬರುತ್ತದೆ ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಮೈಯೆಲ್ಲ ಜುಮ್ಮೆಂದಿತು, ಕಣ್ಣು ತುಂಬಿ ಬಂದವು.

ಕೊನೆಗೂ ಗಂಟು ಬಿತ್ತು. ಸನಾದಿ ನಿಂತಿತು. ಅಜ್ಜ ಆರಾಮಾಗಿ ಹೆಗಲ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಪಕ್ಕದಿಂದ ಅವರ ಹೆಂಡತಿ ನನ್ನ ಬೆನ್ನಿಗೆ ಜೋರಾಗಿ ಗುದ್ದಿದರು.

"ಡಾಕ್ಟ್ರ, ಲಗ್ನ ಮುಗೀತ್ರಿ. ಇನ್ನರ ಉಸಿರ್ ಬಿಡ್ರಿ!"