ಟೈಟಾನಿಕ್ ಪ್ರಸಂಗದಲ್ಲಿ ನಾನು ಹಿಮಗಿರಿಯಾದದ್ದು

ಮುಳುಗಿದವರಿಗೆ ಇರುವಷ್ಟು ಹೆಸರು ದಡ ಸೇರಿದವರಿಗೆ ಇಲ್ಲ ಎಂಬುದು ನನ್ನ ಬಹುಕಾಲದ ಅನುಮಾನ. ಸೇತುವೆ ಆಗುವ ಮೊದಲು ಕಡಬದ ಕಡೆ ಹೊಳೆಯಲ್ಲಿ ಜನ, ದನ, ಮದುಮಗಳು ಎಲ್ಲರನ್ನೂ ಸೆರಗು ಒದ್ದೆಯಾಗದಂತೆ ದಾಟಿಸಿದ ದೋಣಿಗೆ ಒಂದು ಹೆಸರಾದರೂ ಇತ್ತೋ ಇಲ್ಲವೋ, ಅದರಲ್ಲೇ ಮದುವೆಯಾಗಿ ಬಂದ ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಆದರೆ ಮೊದಲ ಪ್ರಯಾಣದಲ್ಲೇ ಹಿಮದ ಗುಡ್ಡೆಗೆ ಬಡಿದು ಸಾಗರದ ತಳ ಸೇರಿದ ಟೈಟಾನಿಕ್ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಏರುದಾರಿಯ ಚಡಾವು ಬಂದಲ್ಲಿ ನಿಂತುಬಿಡುವ ಜೀಪಿಗೆ ಆ ಹೆಸರು. ಮೊದಲ ಸುತ್ತಿನಲ್ಲೇ ಸೋಲುವ ಹಗ್ಗಜಗ್ಗಾಟದ ತಂಡಕ್ಕೆ ಆ ಹೆಸರು. ಮದುವೆ ನಿಶ್ಚಯವಾದ ಜೋಡಿಗಳು ಆ ಸಿನಿಮಾದ ಹಾಗೆ ಕೈ ಅಗಲಿಸಿ ನಿಂತು ಫೋಟೋ ತೆಗೆಸದ ಸೇತುವೆ ಪುತ್ತೂರು ಸುಳ್ಯದ ನಡುವೆ ಇನ್ನು ಉಳಿದಿಲ್ಲ. ಆ ಹಡಗಿನ ಕತೆ ಕೊನೆಗೆ ಏನಾಯಿತೆಂದು ಅವರಿಗೆ ಯಾರೂ ನೆನಪಿಸುವುದಿಲ್ಲ. ಮದುವೆಯ ಹೊಸ್ತಿಲಲ್ಲಿ ಅದು ಒಳ್ಳೆಯ ಮಾತೂ ಅಲ್ಲ.

ಹೀಗಿರುವಾಗ ಬೆಟ್ಟಂಪಾಡಿಯ ನಮ್ಮ ಸಂಘದವರು ಈ ಸಲದ ತಾಳಮದ್ದಳೆಗೆ ಟೈಟಾನಿಕ್ ಪ್ರಸಂಗವನ್ನೇ ಮಾಡಹೊರಟದ್ದರಲ್ಲಿ ಆಶ್ಚರ್ಯವಿಲ್ಲ. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ. ಪಂಚೆ ಶಾಲು ಹೊದ್ದು ಎದುರುಬದುರು ಕೂತವರು ಆ ಪದಕ್ಕೆ ಸ್ಥಳದಲ್ಲೇ ಮಾತು ಹೊಸೆದು ಅರ್ಥ ಹೇಳುತ್ತಾರೆ, ವಾದ ಮಾಡುತ್ತಾರೆ. ದೇವರೂ ಅಸುರರೂ ವಾದ ಮಾಡುವುದಾದರೆ ಕಪ್ತಾನನೂ ಹಿಮಗಿರಿಯೂ ಯಾಕೆ ಮಾಡಬಾರದು ಎಂದು ನಮ್ಮ ಭಾಗವತರು ತಾವೇ ಪದ ಬರೆದರು. ಹಿಮಗಿರಿಯ ಪಾತ್ರ ನನಗೆ ಬಂತು.

“ನಿಮ್ಮದು ಪಂಪಿನ ಅಂಗಡಿ, ನೀರಿನ ವಿಷಯ ಗೊತ್ತುಂಟು. ಮತ್ತೆ ನಿಮಗೆ ಮಾತೂ ಅಷ್ಟಕ್ಕಷ್ಟೆ. ಹಿಮಗಡ್ಡೆ ಎಂತ ದೊಡ್ಡ ಮಾತಾಡುದು ಮಾರಾಯ್ರೆ? ಅಡ್ಡ ನಿಂತರೆ ಸಾಕು,” ಎಂದರು ಭಾಗವತರು.

ಅಡ್ಡ ನಿಲ್ಲುವುದು ನನಗೆ ಕಷ್ಟವಿರಲಿಲ್ಲ. ಕಷ್ಟವಿದ್ದದ್ದು ಎದುರು ಬರುವವರದು. ಕಪ್ತಾನನಾಗಿ ಕೂರುವವರು ನನ್ನ ಮಾವ, ಅಂದರೆ ಹೆಂಡತಿ ಸುಮತಿಯ ಅಪ್ಪ. ಐವರ್ನಾಡಿನ ಅವರು ಅರ್ಥಕ್ಕೆ ಕೂತರೆ ಎದುರಾಳಿಗೆ ನೀರು ಕುಡಿಯಲು ಪುರುಸೊತ್ತು ಇರುತ್ತಿರಲಿಲ್ಲ. ಹೋದ ವರ್ಷ ಅವರಿಗೆ ಸಣ್ಣದೊಂದು ಪಾರ್ಶ್ವವಾಯು ಆಯಿತು. ಕೈಕಾಲು ಸರಿಯಾಯಿತು, ಮಾತು ಪೂರ್ತಿ ಸರಿಯಾಗಲಿಲ್ಲ. ಹೇಳುತ್ತಾ ಹೇಳುತ್ತಾ ಒಂದು ಶಬ್ದ ಸಿಗದೆ ನಿಂತುಬಿಡುತ್ತಾರೆ. ನಿಂತದ್ದಕ್ಕೆ ನಾಚಿ ಆ ದಿನವಿಡೀ ಬಾಯಿ ಬಿಡುವುದಿಲ್ಲ. ಇದು ಅವರ ಕಾಯಿಲೆಯ ನಂತರದ ಮೊದಲ ತಾಳಮದ್ದಳೆ ಕೂಟ.

“ಸಭೆಯಲ್ಲಿ ಅಪ್ಪನಿಗೆ ಮಾತು ನಿಂತರೆ ಇನ್ನು ಜನ್ಮದಲ್ಲಿ ಮಾತಾಡ್ಲಿಕ್ಕಿಲ್ಲ ಅವರು,” ಎಂದಳು ಸುಮತಿ. “ನೀವು ಕಷ್ಟದ ಪ್ರಶ್ನೆ ಕೇಳಿದರೆ ಉಂಟಲ್ಲ, ಆ ಹಡಗಿನೊಟ್ಟಿಗೆ ನೀವೂ ಹೋಗುದೇ.”

“ಸುಲಭದ್ದು ಕೇಳಿದರೆ ನಾನು ಕರುಣೆ ತೋರಿಸ್ತಿದ್ದೇನೆ ಅಂತ ಅವರಿಗೆ ಗೊತ್ತಾಗ್ತದೆ ಮಾರಾಯ್ತಿ.”

“ಅದು ನಿಮ್ಮ ಹಣೆಬರಹ.”

ಭಾನುವಾರ ಮಧ್ಯಾಹ್ನ ಶಾಲೆಯ ಸಭಾಭವನ ತುಂಬಿತ್ತು. ಮಾವ ಗಂಟಲು ಸರಿಮಾಡಿಕೊಂಡು ನಿಧಾನವಾಗಿ ಶುರುಮಾಡಿದರು. “ಎಲೈ ಹಿಮಗಿರಿಯೇ! ನೀನು ಹುಟ್ಟಿದ್ದು ನೀರಿನಿಂದ, ನಿಂತಿರುವುದು ನೀರಿನಲ್ಲಿ, ನಾಳೆ ಸೇರುವುದೂ ನೀರನ್ನೇ. ಹೊತ್ತು ನಡೆಸುವುದು ನೀರಿನ ಧರ್ಮ. ನಿನ್ನ ಕುಲದವರೆಲ್ಲ ನನ್ನನ್ನು ಇಷ್ಟು ದೂರ ಹೊತ್ತು ತಂದರು. ತಡೆಯುವುದನ್ನು ನೀನು ಯಾರಲ್ಲಿ ಕಲಿತೆ?”

ಚಪ್ಪಾಳೆ ಬಿತ್ತು. ನಾನು ಏನೋ ಗುಣುಗುಟ್ಟಿದೆ. ಅವರು ಇನ್ನೊಂದು ಬಾಣ ಬಿಟ್ಟರು, ಮತ್ತೊಂದು ಬಿಟ್ಟರು. ಒಂದು ಶಬ್ದವೂ ತಡವರಿಸಲಿಲ್ಲ. ಒಂದು ಕೂಟವನ್ನೂ ತಪ್ಪಿಸದ ಜವಳಿ ಅಂಗಡಿಯ ಹಮೀದಾಕ ಎದುರು ಸಾಲಿನಿಂದಲೇ, “ಈ ಹಡಗು ಇನ್ನು ಮುಳುಗ್ಲಿಕ್ಕಿಲ್ಲ! ಹಿಮಗಡ್ಡೆಯೇ ಮುಳುಗುದು ಇವತ್ತು,” ಎಂದರು. ಮುಳುಗುವ ಪದವನ್ನು ಹಿಡಿದುಕೊಂಡು ಕಾಯುತ್ತಿದ್ದ ಭಾಗವತರು ನನ್ನನ್ನು ಸುಟ್ಟುಬಿಡುವಂತೆ ನೋಡಿದರು. ವಾದದಲ್ಲಿ ಕಪ್ತಾನ ಗೆದ್ದರೆ ಹಡಗು ಒಡೆಯುವುದು ಹೇಗೆ? ಪ್ರಸಂಗ ಮುಗಿಯುವುದು ಹೇಗೆ?

ಗಾಬರಿಯಲ್ಲಿ ನನ್ನ ಬಾಯಿಂದ ಗ್ರಂಥದ ಭಾಷೆಯೂ ಹೋಯಿತು. “ಅದೆಲ್ಲ ಇರಲಿ ನಾವಿಕನೇ, ನಿನ್ನ ಹಡಗಿನಲ್ಲಿ ಎಲ್ಲರಿಗೂ ಆಗುವಷ್ಟು ಸಣ್ಣ ದೋಣಿ ಉಂಟೋ?”

ಮಾವ ಬಾಯಿ ತೆರೆದರು. ಮುಚ್ಚಿದರು. ತಮ್ಮ ಅಂಗೈ ನೋಡಿಕೊಂಡರು.

ಮದ್ದಳೆಯವನ ಬೆರಳು ಗಾಳಿಯಲ್ಲೇ ನಿಂತಿತು. ಹೆಂಗಸರ ಸಾಲಿನಲ್ಲಿ ಸುಮತಿ ಸೆರಗು ಕಚ್ಚಿ ಹಿಡಿದದ್ದು ಕಾಣಿಸಿತು. ಮಾವ ತಲೆ ಎತ್ತಲಿಲ್ಲ. ನಿಂತಿತು, ಮಾತು ನಿಂತಿತು, ನಿಲ್ಲಿಸಿದವನು ನಾನೇ ಎಂದು ನನ್ನ ಬೆನ್ನಿನಲ್ಲಿ ಬೆವರು ಇಳಿಯಿತು. ಹಿಮಗಿರಿ ಬೆವರುವುದೆಂದರೆ ಏನೆಂದು ಆಗ ನನಗೆ ಹೊಳೆಯಿತು.

“ಮೆಚ್ಚಿದೆ ನಾವಿಕನೇ!” ಎಂದು ಕೂಗಿದೆ. “ಉತ್ತರ ಬೇಡ. ಇಗೋ, ಕರಗಿದೆ. ದಾರಿ ಬಿಟ್ಟೆ. ಸುಖವಾಗಿ ಹೋಗು!”

ಭಾಗವತರ ಕೈಯ ತಾಳ ಠಣ್ಣೆಂದು ಕೆಳಗೆ ಬಿತ್ತು.

ಮಾವ ತಲೆ ಎತ್ತಿದರು. “ಯಾರು ಹೇಳಿದ್ದು ನಿನಗೆ ಕರಗ್ಲಿಕ್ಕೆ?” ಕಪ್ತಾನನ ದನಿಯಲ್ಲ, ಐವರ್ನಾಡಿನ ದನಿ. “ದೋಣಿ ಇಲ್ಲದೆ ಅಷ್ಟು ಜನ ಹೋದರಲ್ಲ, ಅದಕ್ಕೆ ಎಂತ ಉತ್ತರ ಉಂಟು? ಉತ್ತರ ಇಲ್ಲದ ಕಡೆ ಸುಮ್ಮನೆ ಕೂರುದೇ ಅರ್ಥ ಹೇಳುದು. ನಾನು ಮುಳುಗ್ಲಿಕ್ಕೆ ತಯಾರಾಗಿ ಕೂತಿದ್ದೆ ಮಾರಾಯ, ನೀನು ಬಂದು ಬದುಕಿಸುದಾ? ನನಗೆ ಮಾತು ನಿಂತಿತು ಅಂತ ಗ್ರಹಿಸಿದೆಯಾ? ಹೆಪ್ಪುಗಟ್ಟು! ಈಗಲೇ ಪುನಃ ಹೆಪ್ಪುಗಟ್ಟು!”

ಹೆಪ್ಪುಗಟ್ಟಿದೆ. ಸಭೆ ನಕ್ಕು ನಕ್ಕು ಸುಸ್ತಾಯಿತು. ಭಾಗವತರು ತಾಳ ಹೆಕ್ಕಿಕೊಂಡು ಪದ ಎತ್ತಿದರು. ಮಾವ ಹಡಗಿನ ಜೊತೆಗೆ ಎಷ್ಟು ಗಂಭೀರವಾಗಿ ಇಳಿದರೆಂದರೆ, ಹಮೀದಾಕ ಕರವಸ್ತ್ರ ಹುಡುಕಿದರು. ಸುಮತಿ ಮಾತ್ರ ಅಪ್ಪ ಮುಳುಗುವುದನ್ನು ಕಂಡು ಮುಖವರಳಿಸಿ ನಗುತ್ತಿದ್ದಳು.

ಸಂಜೆ ಮಾವನನ್ನು ಮನೆಗೆ ಬಿಡಲು ಕಾರು ಓಡಿಸಿದವನೂ ನಾನೇ. ಹಿಂದಿನ ಸೀಟಿನಿಂದ ಅವರು ಮಗಳಿಗೆ ಹೇಳಿದರು: “ನಿನ್ನ ಗಂಡ ಪಾಪ, ಒಳ್ಳೆಯವನೇ. ಆದರೆ ಅವನಿಗೆ ಒಂಚೂರು...” ಅಲ್ಲಿಗೆ ನಿಂತರು.

“ಧೈರ್ಯ ಕಡಿಮೆಯಾ ಅಪ್ಪ?”

“ಅದಲ್ಲ.”

“ಬುದ್ಧಿಯಾ?”

“ಅದು ಇದ್ದದ್ದೇ. ಇದು ಬೇರೆ.”

ಕುಂಬ್ರ ದಾಟಿತು. ಮಾವ ಕಿಟಕಿಯ ಹೊರಗೆ ನೋಡುತ್ತಲೇ ಇದ್ದರು. ಶಬ್ದ ಸಿಗದೆ ನಿಂತದ್ದೋ, ಅರ್ಥ ಹೇಳುತ್ತಿರುವುದೋ ಕನ್ನಡಿಯಲ್ಲಿ ಎಷ್ಟು ಇಣುಕಿದರೂ ನನಗೆ ತಿಳಿಯಲಿಲ್ಲ. ಬೆಳ್ಳಾರೆ ಪೇಟೆ ಬರುವಾಗ ತಡೆಯಲಾಗಲಿಲ್ಲ. “ಏನೇ ಇರಲಿ ಮಾವ, ನನಗೆ ಅದು ಕಡಿಮೆಯೇ. ನಾನು ಒಪ್ಪಿದೆ,” ಎಂದೆ.

“ನೋಡು,” ಎಂದರು ಮಾವ ಮಗಳಿಗೆ, “ಪುನಃ ಕರಗಿದ.”